ದಸ್ತಿ ಎತ್ತುವ ಅಣ್ಣ

ಒಂದು ಬೈಕು, ಎರಡು ಪೆನ್ ಡ್ರೈವ್, ಮೂರು ಊರು, ಹದಿನಾಲ್ಕು ಗಿರಾಕಿ. ಇಷ್ಟು ಕೂಡಿದರೆ ಕೊಲ್ಹಾಪುರ ಜಿಲ್ಲೆಯಲ್ಲಿ ಒಬ್ಬ ಸರ್ವರ್ ಅಣ್ಣ ತಯಾರಾದ ಹಾಗೆ. ಮನೆಯಲ್ಲಿ ಕನ್ನಡ, ಗಿರಾಕಿಯ ಕೂಡ ಮರಾಠಿ, ಸರ್ವರಿನ ಕೂಡ ಇಂಗ್ಲಿಷು. ಸರ್ವರ್ ಮಾತು ಕೇಳದಿದ್ದಾಗ ಮತ್ತೆ ಕನ್ನಡ, ಅದೂ ಮನೆಯಲ್ಲಿ ಆಡಲಾಗದ ಕನ್ನಡ.

ಉಳಿದ ಕಂಪ್ಯೂಟರಿನವರು ಏನನ್ನಾದರೂ ಮಾರುತ್ತಾರೆ. ಅಣ್ಣ ಜಾಗ ಬಿಡಿಸುತ್ತಾನೆ. ಯಾರೂ ಬಳಸದ, ಆದರೆ ಯಾರೂ ಬಿಟ್ಟುಕೊಡದ ಜಾಗ.

ಇದರ ಮೂಲ ‘ಥಿನ್’ ಎಂಬ ವ್ಯವಸ್ಥೆಯಲ್ಲಿದೆ. ಒಂದೇ ಸರ್ವರಿನೊಳಗೆ ನಾಲ್ಕೈದು ವರ್ಚುವಲ್ ಯಂತ್ರಗಳು ಸಂಸಾರ ಹೂಡಿರುತ್ತವೆ. ಪ್ರತಿಯೊಂದಕ್ಕೂ ‘ನಿನಗೆ 600 ಜಿಬಿ’ ಎಂದು ಮಾತು ಕೊಟ್ಟಿರುತ್ತಾರೆ, ಆದರೆ ಬಳಸಿದಷ್ಟನ್ನೇ ನಿಜವಾಗಿ ಕೊಡುತ್ತಾರೆ. ಸಾವಿರ ಲಗ್ನಪತ್ರಿಕೆ ಹಂಚಿ ಆರುನೂರು ಜನಕ್ಕೆ ಅಡುಗೆ ಮಾಡಿಸಿದ ಹಾಗೆ. ಬಹಳ ಸಲ ಲೆಕ್ಕ ಸರಿಹೋಗುತ್ತದೆ. ತೊಂದರೆ ಏನೆಂದರೆ, ಉಂಡವರು ಎದ್ದು ಹೋದರೂ ಎಲೆ ಹಾಗೇ ಉಳಿಯುತ್ತದೆ.

ಗಡಹಿಂಗ್ಲಜದ ಒಂದು ಪತಸಂಸ್ಥೆಯಲ್ಲಿ ಅಕೌಂಟ್ಸ್ ನೋಡುವ ಅಕ್ಕ ಇದೇ ಮಾತಿಗೆ ಅಣ್ಣನನ್ನು ಹಿಡಿದು ನಿಲ್ಲಿಸಿದಳು. ‘ಹೊಸಾದು’, ‘ಹೊಸಾದು 2’, ‘ಕಡೀದು’, ‘ಕಡೀದು ಖರೇ’ ಎಂಬ ನಾಲ್ಕು ಫೋಲ್ಡರುಗಳಲ್ಲಿ ಒಂದೇ ವಾರ್ಷಿಕ ಸಭೆಯ ಫೋಟೊಗಳಿದ್ದವು. ಅಣ್ಣನ ಬಲವಂತಕ್ಕೆ ಮೂರನ್ನು ಅಳಿಸಿದ್ದಳು.

“ನನ್ನ ಸ್ಕ್ರೀನಿನ್ಯಾಗ ಖಾಲಿ ಅಂತ ತೋರಸ್ತೈತಿ. ನೀವು ನೋಡಿದ್ರ ಇನ್ನೂ ತುಂಬೇತಿ ಅಂತೀರಿ. ಖರೇ ಯಾರದ್ರೀ?”

“ಇಬ್ಬರದೂ ಖರೇ ಅಕ್ಕಾ. ನೀವು ಕೊಲ್ಹಾಪುರ ಬಸ್ಸಿಗೆ ಕಿಡಕ್ಯಾಗಿಂದ ದಸ್ತಿ ಒಗದು ಸೀಟ್ ಹಿಡೀತೀರಿಲ್ಲೋ? ಹಂಗ ಹಿಡದಾಂವ ನಿಪ್ಪಾಣ್ಯಾಗ ಇಳದು ಹೋಗ್ಯಾನ, ದಸ್ತಿ ಅಲ್ಲೇ ಬಿಟ್ಟಾನ. ಒಳಗಿನವರಿಗೆ ಸೀಟ್ ಖಾಲಿ ಅಂತ ಗೊತ್ತು. ಹೊರಗ ನಿಂತು ಇಣುಕಾಂವಗ ದಸ್ತಿ ಕಾಣ್ತದ.”

ಇದಕ್ಕಿಂತ ಒಳ್ಳೆಯ ವಿವರಣೆಯನ್ನು ಯಾವ ಕೈಪಿಡಿಯೂ ಕೊಟ್ಟಿಲ್ಲ. ಫೈಲು ಅಳಿಸಿದಾಗ ವಿಂಡೋಸ್ ಅದರ ಅಕ್ಷರಗಳನ್ನು ಒರೆಸುವುದಿಲ್ಲ. ‘ಈ ಜಾಗ ಬಿಡುವು’ ಎಂದು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ಆ ಯಂತ್ರಗಳನ್ನೆಲ್ಲ ಹೊತ್ತ ಕೆಳಗಿನ ಸರ್ವರಿಗೆ, ಅಂದರೆ ಹೋಸ್ಟಿಗೆ, ಆ ಪಟ್ಟಿ ಓದಲು ಬರುವುದಿಲ್ಲ. ಅದಕ್ಕೆ ದಸ್ತಿಯೇ ಕಾಣುವುದು.

ದಸ್ತಿ ಎತ್ತಲು ಅಣ್ಣನ ಬಳಿ ಒಂದು ಹಳೆಯ ಆಯುಧವಿದೆ: ಎಸ್‌ಡಿಲೀಟ್. ಮಾರ್ಕ್ ರುಸಿನೋವಿಚ್ ಅವರ ಸಿಸ್‌ಇಂಟರ್ನಲ್ಸ್ ಬಳಗದ ಪುಟ್ಟ ಸಾಧನ. 2006ರಲ್ಲಿ ಮೈಕ್ರೋಸಾಫ್ಟ್ ಆ ಬಳಗವನ್ನೇ ಕೊಂಡಿತು. ಗುಟ್ಟಿನ ಫೈಲುಗಳನ್ನು ಯಾರೂ ಮತ್ತೆ ಎತ್ತಲಾಗದಂತೆ ಒರೆಸುವುದು ಅದರ ಹುಟ್ಟುಕಸುಬು. ಬಿಡುವು ಜಾಗಕ್ಕೆಲ್ಲ ಸೊನ್ನೆ ತುಂಬುವ ಇನ್ನೊಂದು ವಿದ್ಯೆಯೂ ಅದಕ್ಕೆ ಗೊತ್ತು. ಸೊನ್ನೆ ತುಂಬಿದ ಮೇಲೆ ಯಂತ್ರವನ್ನು ಬಂದ್ ಮಾಡಿ, ಹೋಸ್ಟಿನಲ್ಲಿ ಒಂದು ಆಜ್ಞೆ ಕೊಟ್ಟರೆ ಸೊನ್ನೆ ಇದ್ದ ಕಡೆಯೆಲ್ಲ ತೂತು ಬಿದ್ದು ಜಾಗ ವಾಪಸು ಬರುತ್ತದೆ. ಅಂದರೆ ಖಾಲಿ ಮಾಡಬೇಕಾದರೆ ಮೊದಲು ತುಂಬಬೇಕು. ಈ ಒಂದು ವಾಕ್ಯದಲ್ಲಿ ಅಣ್ಣನ ಅರ್ಧ ಆಯುಷ್ಯ ಸವೆದಿದೆ.

ಉಳಿದರ್ಧ ಇಚಲಕರಂಜಿಯಲ್ಲಿ, ಒಂದೇ ರಾತ್ರಿಯಲ್ಲಿ ಸವೆಯಿತು. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹೂಡಿದ ಊರು ಅದು. ಇವತ್ತಿಗೂ ಖಟಪಟ ಸದ್ದು ನಿಂತರೆ ಜನಕ್ಕೆ ನಿದ್ದೆ ಹತ್ತುವುದಿಲ್ಲ. 2019ರ ಆಗಸ್ಟಿನಲ್ಲಿ ಪಂಚಗಂಗಾ ನದಿ ಉಕ್ಕಿದ ಮೇಲೆ ಅಲ್ಲಿನ, ನೂಲಿಗೆ ಗಂಜಿ ಹಚ್ಚುವ ಸೈಝಿಂಗ್‌ನ ಸಾವ್ಕಾರರೊಬ್ಬರು ಹಳೆಯ ಐದು ಡಬ್ಬಗಳನ್ನು ಒಂದೇ ಸರ್ವರಿನೊಳಗೆ ಸೇರಿಸಿ ಮೇಲಿನ ಮಹಡಿಗೆ ಏರಿಸಿದ್ದರು. ಇದ್ದದ್ದು 2 ಟಿಬಿ, ಐವರಿಗೆ ಮಾತು ಕೊಟ್ಟದ್ದು 3,000 ಜಿಬಿ, ಆ ರಾತ್ರಿ ಉಳಿದದ್ದು 190. ಲೆಕ್ಕಪತ್ರದ ಯಂತ್ರ ಒಳಗೆ 130 ಜಿಬಿ ಬಳಸುತ್ತ, ಹೊರಗೆ 310 ಹಿಡಿದು ಕೂತಿತ್ತು. ಅಣ್ಣ ಎಸ್‌ಡಿಲೀಟ್ ಹಚ್ಚಿ ಮಲಗಿದ.

ಸೊನ್ನೆ ತುಂಬುತ್ತ ಹೋದ ಆ ಯಂತ್ರ ಮಾತು ಕೊಟ್ಟ 600ರ ತನಕ ಉಬ್ಬಲು ಹೊರಟಿತು. ಬೇಕಾದದ್ದು ಇನ್ನೂ 290, ಇದ್ದದ್ದು 190. ಬೆಳಗಿನ ಜಾವ ಐದೂ ಯಂತ್ರಗಳು ಹಂಚಿಕೊಂಡ ಡೇಟಾಸ್ಟೋರ್ ತುಳುಕಿತು. ಹೊಸ ಜಾಗ ಕೇಳಿದ ಯಂತ್ರಗಳೆಲ್ಲ ನಿಂತಲ್ಲೇ ನಿಂತವು. ಮಗ್ಗಕ್ಕೆ ಸರ್ವರಿನ ಹಂಗಿಲ್ಲ, ಅದು ನಡೆದೇ ಇತ್ತು. ಆದರೆ ಚಲನ್ ಬರಲಿಲ್ಲ. ಬೀಮು ಹೇರಿದ ಟೆಂಪೊ ಗೇಟಿನಲ್ಲಿ, ಡ್ರೈವರ್ ಚಹಾದಂಗಡಿಯಲ್ಲಿ, ಸಾವ್ಕಾರರು ಫೋನಿನಲ್ಲಿ.

“ಅಣ್ಣಾ, ಖಾಲಿ ಮಾಡ್ತೀನಿ ಅಂದಿದ್ದಿ. ತುಂಬಿಸಿಟ್ಟಿ ನೋಡು.”

“ತುಂಬದ ಖಾಲಿ ಆಗೂದಿಲ್ರೀ ಸಾವ್ಕಾರ್ರ.”

ಪ್ರಾಣ ಉಳಿಸಿದ್ದು ಒಂದು ಸಣ್ಣ ಉಪಾಯ. ಓಡುತ್ತಿರುವ ಪ್ರತಿ ಯಂತ್ರವೂ ಸಾಮಾನ್ಯವಾಗಿ ತನ್ನ ಮೆಮೊರಿಯ ಅಳತೆಯ ಸ್ವಾಪ್ ಫೈಲೊಂದನ್ನು ಇಟ್ಟುಕೊಂಡಿರುತ್ತದೆ. ಆರಿಸಿದರೆ ಅದು ಹೋಗುತ್ತದೆ. ಯಾರಿಗೂ ಬೇಡದ ಯಂತ್ರವೊಂದನ್ನು ಅಣ್ಣ ಬಂದ್ ಮಾಡಿದ. 16 ಜಿಬಿ ಬಿಡುಗಡೆಯಾಯಿತು, ನಿಂತವು ಉಸಿರಾಡಿದವು, ಟೆಂಪೊ ಹೊರಟಿತು. ಮಧ್ಯಾಹ್ನ ಲೆಕ್ಕದ ಯಂತ್ರ ಆರಿಸಿ ತೂತು ಹೊಡೆದಾಗ ಉಳಿಕೆ 370 ಆಯಿತು. ಸಾವ್ಕಾರರು ಬಿಲ್ಲನ್ನು ಎರಡೂ ಕಡೆ ತಿರುಗಿಸಿ ನೋಡಿದರು. “ರಾತ್ರಿ ಒಂದಿಷ್ಟು ಖಾಲಿ ಇತ್ತು, ಈಗ ಇನ್ನೊಂದಿಷ್ಟು ಖಾಲಿ ಆಗೇತಿ. ಇದರಾಗ ನೀ ತಂದಿದ್ದೇನು?”

ಈ ಪ್ರಶ್ನೆಗೆ ಅಣ್ಣನ ಬಳಿ ಉತ್ತರವಿರಲಿಲ್ಲ. ಅದು ಸಿಕ್ಕಿದ್ದು ಕೊಲ್ಹಾಪುರದ ಪಕ್ಕದ ಶಿರೋಲಿ ಎಂಐಡಿಸಿಯ ಒಂದು ಫೌಂಡ್ರಿಯಲ್ಲಿ.

ಅಲ್ಲಿ ಸ್ಟೋರೇಜಿನ ಪೆಟ್ಟಿಗೆಯೇ ಬೇರೆ, ಹಾಗಾಗಿ ದಸ್ತಿಯೂ ಎರಡು ಅಂತಸ್ತಿನಲ್ಲಿ: ಹೋಸ್ಟಿಗೆ ಕಾಣುವುದು ಒಂದು, ಪೆಟ್ಟಿಗೆಗೆ ಕಾಣುವುದು ಇನ್ನೊಂದು. 2011ರಲ್ಲಿ, ಈ ವರ್ಚುವಲ್ ಯಂತ್ರಗಳ ತಂತ್ರಾಂಶ ಮಾಡುವ ವಿಎಂವೇರ್ ಕಂಪನಿ ಅಳಿಸಿದ ಜಾಗವನ್ನು ತಾನಾಗಿ ಪೆಟ್ಟಿಗೆಗೆ ಮರಳಿಸುವ ‘ಅನ್‌ಮ್ಯಾಪ್’ ತಂದಿತು. ಎಷ್ಟೋ ಪೆಟ್ಟಿಗೆಗಳು ಆ ಭಾರಕ್ಕೆ ಏದುಸಿರು ಬಿಟ್ಟವು, ಅದನ್ನು ಆರಿಸಿಡಿ ಎಂದು ಕಂಪನಿಯೇ ಹೇಳಬೇಕಾಯಿತು. 2016ರಲ್ಲಿ ಡೇಟಾಸ್ಟೋರಿನ ಹೊಸ ಫೈಲ್ ವ್ಯವಸ್ಥೆ ವಿಎಂಎಫ್‌ಎಸ್-6 ಬಂದ ಮೇಲೆ ಅದೇ ಕೆಲಸ ಹಿನ್ನೆಲೆಯಲ್ಲಿ ನಿಧಾನವಾಗಿ, ಯಾರ ಗಮನಕ್ಕೂ ಬಾರದಂತೆ ನಡೆಯುತ್ತದೆ. ಆದರೆ ಹಳೆಯ 5ನ್ನು ಕೂತಲ್ಲೇ 6 ಮಾಡಲು ಬರುವುದಿಲ್ಲ; ಹೊಸ ಮನೆ ಕಟ್ಟಿ ಸಾಮಾನು ಸಾಗಿಸಬೇಕು. ಫೌಂಡ್ರಿಯಲ್ಲಿ ಇನ್ನೂ 5. ಆದ್ದರಿಂದ ರವಿವಾರ ಭಟ್ಟಿ ಆರಿದ ಹೊತ್ತಿಗೆ ಅಣ್ಣ ಕೈಯಾರೆ ಆಜ್ಞೆ ಕೊಡುತ್ತಾನೆ.

ಅಲ್ಲಿನ ಮಾಲಕರು ಬಿಲ್ಲು ನೋಡಿ ತಕರಾರು ತೆಗೆಯಲಿಲ್ಲ. ಮೇಜಿನ ಮೇಲಿನ ಎರಕದ ತುಂಡೊಂದನ್ನು ಎತ್ತಿ ಅದರ ನಡುವಿನ ಪೊಳ್ಳಿನಲ್ಲಿ ಬೆರಳಾಡಿಸಿದರು. ಆ ಪೊಳ್ಳು ಬರಬೇಕೆಂದರೆ ಅಚ್ಚಿನೊಳಗೆ ಮೊದಲು ಉಸುಕಿನ ಕೋರ್ ಕೂಡಿಸಬೇಕು, ಸುತ್ತ ಕಾದ ಲೋಹ ಹೊಯ್ಯಬೇಕು, ಆರಿದ ಮೇಲೆ ಉಸುಕನ್ನು ಬಡಿದು ಉದುರಿಸಬೇಕು.

“ಮೊದಲ ತುಂಬೂದು, ಆಮ್ಯಾಲ ಖಾಲಿ ಮಾಡೂದು. ನಾವೂ ಇದಕ್ಕ ರೊಕ್ಕಾ ತಗೋತೀವಿ,” ಎಂದು ಸಹಿ ಹಾಕಿದರು.

ಅಣ್ಣನಿಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಕೌಂಟೆಂಟ್ ಬಿಲ್ಲನ್ನು ವಾಪಸು ತಂದ. “ಖಾಲಿ ಜಾಗ, 1 ನಗ” ಎಂದು ಬರೆದದ್ದರ ಕೆಳಗೆ ಶೇಕಡಾ 18 ಜಿಎಸ್‌ಟಿ ಹಾಕುವುದನ್ನು ಅಣ್ಣ ಮರೆತಿದ್ದ.