ಉಪಾಧ್ಯಕ್ಷರ ಐಕ್ಯ

ಪಾರ್ವತಿನಗರದ ವಕೀಲ ರಾಯರ ಜಗುಲಿಯಲ್ಲಿ, ಒಗ್ಗರಣೆ-ಮಿರ್ಚಿಗಳ ಸಮಕ್ಷಮದಲ್ಲಿ, ಐಕ್ಯಸಮಿತಿಯ ಆಹ್ವಾನಪತ್ರಿಕೆ ಸಿದ್ಧವಾಗುತ್ತಿದ್ದಿತು.

“1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾಗಿ, ಮಿಶ್ರಾ ಆಯೋಗದ ಮುಂದೆ ಕನ್ನಡಿಗರೂ ತೆಲುಗರೂ ಜಗ್ಗಾಡಿದ ಬಳ್ಳಾರಿಯು ಮೈಸೂರನ್ನು ಸೇರಿತಲ್ಲವೆ, ಗೌಡರೇ? ಅಂದು ಕೂಡಿದ ನಾಡನ್ನು ನಾವು ಇಂದು ಕೂಡಿಸಬೇಕಾಗಿದೆ.”

“ಆ ಸಂಭ್ರಮದ ಚಪ್ಪರವನ್ನು ಕಾಯುತ್ತ ಪ್ರಾಣತೆತ್ತ ಪಿಂಜಾರ ರಂಜಾನ್ ಸಾಬರು ಯಾವ ಕೋಮಿನ ಲೆಕ್ಕಕ್ಕೆ, ರಾಯರೇ?”

“ಅವರ ಭಾವಚಿತ್ರಕ್ಕೆ ಹಾರ. ದಿವಂಗತರು ಟಿಕೆಟ್ಟು ಕೇಳುವುದಿಲ್ಲವಾದ್ದರಿಂದ ಸರ್ವರ ಸಮ್ಮತಿಯೂ ಉಂಟು.”

(ಸಮ್ಮತಿ ಇಷ್ಟು ಸುಲಭವಾಗಿ ದೊರೆತುದು ಆ ಸಂಜೆ ಇದೊಂದಕ್ಕೇ.)

“ಅಧ್ಯಕ್ಷರು ಯಾರು?”

“ಯಾರೂ ಇಲ್ಲ. ಒಬ್ಬರಾದರೆ ಉಳಿದವರು ಎದ್ದುಹೋಗುವರು. ಆದಕಾರಣ ಪ್ರತಿಯೊಂದು ಜನಾಂಗಕ್ಕೂ, ಒಳಪಂಗಡಕ್ಕೂ, ಮುನಿಸಿಕೊಂಡು ಒಳಪಂಗಡದಿಂದ ಹೊರಬಿದ್ದವರಿಗೂ ಒಬ್ಬೊಬ್ಬ ಉಪಾಧ್ಯಕ್ಷ.”

“ಸಿರುಗುಪ್ಪದವರ ಹೆಸರಿನ ಕೆಳಗೆ ತಮ್ಮದನ್ನು ಹಾಕಿದರೆ ಕುರುಗೋಡಿನವರು ಬರಲೊಲ್ಲರಂತೆ.”

“ಅದಕ್ಕಾಗಿಯೇ ಹೆಸರುಗಳನ್ನು ವರ್ತುಲಾಕಾರವಾಗಿ ಮುದ್ರಿಸುವುದು, ಮೊದಲೂ ಇಲ್ಲ, ಕೊನೆಯೂ ಇಲ್ಲ.”

“ಕಾಗದಕ್ಕೆ ಮೇಲಂಚು ಇರುವುದಲ್ಲ, ಸ್ವಾಮಿ?”

ರಾಯರು ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟು ಗಂಭೀರರಾದರು: “ದುಂಡಗೆ ಕತ್ತರಿಸಿ ಕೊಡುವಂತೆ ಅಚ್ಚುಕೂಟದವನಿಗೆ ಹೇಳಿಯಾಗಿದೆ. ಅವನೂ ಒಪ್ಪಿದ್ದಾನೆ, ತನ್ನನ್ನೂ ಉಪಾಧ್ಯಕ್ಷನನ್ನಾಗಿಸುವ ಷರತ್ತಿನ ಮೇಲೆ.”