ಗೋಳಿಬಜೆ ಮತ್ತು ಕೊನೆಯ ಓವರ್

“ಗೋಳಿಬಜೆ ಭಾರೀ ಸುಲಭ ಮಾರಾಯ್ರೆ!” ಎನ್ನುತ್ತದೆ ಸೋಫಾ. ಮೈದಾ, ಹುಳಿ ಮೊಸರು, ಚಿಟಿಕೆ ಸೋಡಾ, ಹಸಿಮೆಣಸು, ಶುಂಠಿ, ಕಾಯಿಚೂರು, ಕಲಸಿಟ್ಟರೆ ಮುಗಿಯಿತಂತೆ. ಮಂಗಳೂರಿನಲ್ಲಿ ಐಪಿಎಲ್ ರಾತ್ರಿ ಈ ವಾದ ಹೂಡುವವರು ಸಾಮಾನ್ಯವಾಗಿ ಕುಳಿತೇ ಹೂಡುತ್ತಾರೆ. “ಕಲಸುವುದು ಸುಲಭ, ಒಪ್ಪಿದೆ. ಕರಿಯುವುದು?” ಎಂದು ಬಾಣಲೆ ಕೇಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಗೋಳಿಬಜೆಯ ಆಯಸ್ಸು ಬಿಸಿ ಇರುವಷ್ಟು ಹೊತ್ತು. ಆರಿದರೆ ಅದು ರಬ್ಬರ್ ಚೆಂಡು. ಹಾಗಾಗಿ ತಟ್ಟೆ ಬರಿದಾದಂತೆಲ್ಲ ಕರಿಯಲೇಬೇಕು. 7.30ಕ್ಕೆ ಶುರುವಾದ ಪಂದ್ಯದ 40 ಓವರುಗಳಲ್ಲಿ ಯಾರೋ ಒಬ್ಬರಿಗೆ ಸಿಕ್ಸರ್ ಎಂದರೆ ಹಾಲ್‌ನಿಂದ ಬರುವ ಬೊಬ್ಬೆ ಮಾತ್ರ. ಆ ಒಬ್ಬರು ಯಾರೆಂದು ಸೋಫಾ ಕೇಳುವುದಿಲ್ಲ.

“ಏರ್ ಫ್ರೈಯರ್ ಇದೆಯಲ್ಲ?” ಇದೆ, ಆದರೆ ಸಡಿಲ ಹಿಟ್ಟು ಅದರ ಜಾಲರಿಯಿಂದ ಕೆಳಗಿಳಿಯುತ್ತದೆ. “ಹೋಟೆಲಿನಿಂದ ತರಿಸಿದರಾಯಿತು!” ಹಾಗಾದರೆ ಮನೆಯಲ್ಲೇ ಮಾಡಿದ್ದೆಂಬ ಜಂಬ ಬಿಡಬೇಕು. ಜಂಬವೂ ಉಳಿದು ಎಲ್ಲರೂ ಕೂರಬೇಕೆಂದರೆ ಇಲ್ಲಿನ ಕ್ರಿಶ್ಚಿಯನ್ ಮನೆಗಳ ಕ್ರಿಸ್ಮಸ್ ತಿಂಡಿಗಳನ್ನು, ಅಂದರೆ ಕುಸ್ವಾರ್ ನೋಡಿ: ಕಿಡ್ಯೊ, ನೆವ್ರಿ, ಚಕ್ಕುಲಿ ಎಲ್ಲವೂ ಹಬ್ಬಕ್ಕೆ ಮೊದಲೇ ಡಬ್ಬಿ ಸೇರಿರುತ್ತವೆ. “ಕಿಡ್ಯೊ ಒಂದೊಂದನ್ನೇ ಬಾಚಣಿಗೆಗೆ ಒತ್ತಿ ಸುತ್ತುವುದು ಸುಲಭವೇ?” ಅಲ್ಲ, ಗೋಳಿಬಜೆಗಿಂತ ಹತ್ತು ಪಾಲು ಕಷ್ಟ. ಆದರೆ ಆ ಕಷ್ಟಕ್ಕೆ ಮಕ್ಕಳು ಸಹಿತ ಮನೆಮಂದಿಯೆಲ್ಲ ಕೂರುತ್ತಾರೆ, ಹಬ್ಬದ ದಿನ ಅಡುಗೆಯವರೂ ಕೂರುತ್ತಾರೆ.

“ಸರಿ, ಭಾನುವಾರ ಎಲ್ಲರೂ ಸೇರಿ ಚಕ್ಕುಲಿ ಒತ್ತುವುದೇ?” ಎಂದಿತು ಬಾಣಲೆ.

“ಒತ್ತಬಹುದಿತ್ತು,” ಎಂದಿತು ಸೋಫಾ, “ಆದರೆ ಭಾನುವಾರ ಎರಡೆರಡು ಮ್ಯಾಚ್.”