ಮದುವೆಯಿಲ್ಲ, ಮುಂಜಿಯಿಲ್ಲ, ಮತ್ಯಾಕೆ ಹೊರಟ್ರಿ?

ಅಮೆರಿಕದ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಗುಮಾನಿಯ ವ್ಯವಹಾರ ನಡೆಯುತ್ತಿದೆ. ನಲವತ್ತು ದಾಟಿದ, ಮನೆ ಸಾಲದ ಕಂತು ಕಟ್ಟುವ, ಮಕ್ಕಳನ್ನು ಕಾಲೇಜಿಗೆ ಕಳಿಸುವ ವಯಸ್ಸಿನ ಹೆಂಗಸರು ಶುಕ್ರವಾರ ಸಂಜೆ ದಿಂಬು, ನೈಟಿ, ಒಂದು ಡಬ್ಬಿ ಚಟ್ನಿಪುಡಿ ಕಾರಿಗೆ ಹಾಕಿಕೊಂಡು ಗೆಳತಿಯ ಮನೆಗೆ ಸ್ಲೀಪ್‌ಓವರ್‌ಗೆಂದು ಹೊರಡುತ್ತಾರೆ. ಆಗ ಸೋಫಾದಿಂದ ಗಂಡನೂ ವಾಟ್ಸಾಪ್‌ನಿಂದ ಊರಿನ ಅತ್ತೆಯೂ ಕೇಳುವುದು ಒಂದೇ ಮಾತು: ಯಾಕಂತೆ? ಯಾರದಾದರೂ ಮದುವೆಯೇ, ಸೀಮಂತವೇ, ಹುಷಾರಿಲ್ಲವೇ? ಏನೂ ಇಲ್ಲ ಎಂದರೆ ಅನುಮಾನ ಇನ್ನೂ ಜಾಸ್ತಿ. ಈ ‘ಯಾಕಂತೆ’ಯೇ ಇಡೀ ತಕರಾರಿನ ಬೇರು ಎನ್ನುವುದು ನನ್ನ ವಾದ. ಹೆಂಗಸರು ಒಟ್ಟಿಗೆ ರಾತ್ರಿ ಕಳೆಯುವುದನ್ನು ನಮ್ಮವರು ಎಂದೂ ತಪ್ಪೆಂದಿಲ್ಲ. ನೆಪವಿಲ್ಲದೆ ಕಳೆದರೆ ಮಾತ್ರ ಹೊಟ್ಟೆಯಲ್ಲಿ ಏನೋ ಸಂಕಟ.

ನಮ್ಮ ಛತ್ರಗಳನ್ನೇ ನೋಡಿ. ಮದುವೆಯ ಹಿಂದಿನ ರಾತ್ರಿ ಜಮಖಾನ ಹಾಸಿ ಸಾಲಾಗಿ ಮಲಗಿದ ಹೆಂಗಸರಲ್ಲಿ ನಿದ್ದೆ ಮಾಡಿದವರೆಷ್ಟು? ದೀಪ ಆರಿದ ಮೇಲೆ ‘ಏನೇ, ಮಲಗಿದ್ಯೇನೇ?’ ಎಂದು ಶುರುವಾಗುವ ಪಿಸುಮಾತಿನಲ್ಲೇ ಮನೆತನದ ಅರ್ಧ ಚರಿತ್ರೆ ಕೈಬದಲಾಗಿದೆ. ಬಾಣಂತಿ ಕೋಣೆ, ಬೇಸಿಗೆಯ ಹಪ್ಪಳ ಸಂಡಿಗೆ, ಗೌರಿ ಹಬ್ಬಕ್ಕೆ ಬಂದ ತವರು, ಎಲ್ಲವೂ ಇದೇ ವ್ಯವಸ್ಥೆಯ ಶಾಖೆಗಳು. ಆದರೆ ಪ್ರತಿಯೊಂದಕ್ಕೂ ಒಂದು ಕೆಲಸ ಅಂಟಿಕೊಂಡಿತ್ತು, ಹರಟೆ ಅದರ ಕೂಲಿ. ಸಾಗರ ದಾಟಿದ ಮೇಲೆ ಮದುವೆಗಳು ಬೆಂಗಳೂರಿನಲ್ಲೇ ಉಳಿದವು, ಬಾಣಂತನ ಅಮ್ಮನ ವೀಸಾಕ್ಕೆ ಸೇರಿತು. ಇಲ್ಲಿ ಉಳಿದದ್ದು ಅಲ್ಯೂಮಿನಿಯಂ ಟ್ರೇಗಳ ಪಾಟ್‌ಲಕ್. ಅಲ್ಲಿ ಮಕ್ಕಳಿಗೆ ಬಡಿಸಿ, ಟ್ರೇ ತೊಳೆದು, ಕೊನೆಗೆ ಬಾಗಿಲ ಬಳಿ ಚಪ್ಪಲಿ ಹುಡುಕುವಾಗಷ್ಟೇ ನಿಜವಾದ ಮಾತು ಶುರು. ಊರಿನಲ್ಲಾದರೆ ಗೇಟು ಹಿಡಿದುಕೊಂಡು ಅರ್ಧ ಗಂಟೆ ನಿಲ್ಲಬಹುದಿತ್ತು. ಮಿನೆಸೋಟಾದ ಜನವರಿಯಲ್ಲಿ ಬಾಗಿಲು ತೆರೆದರೆ ಹೀಟರಿನ ದುಡ್ಡು ಹೊರಗೆ ಹಾರುತ್ತದೆ, ಗಂಡ ಕಾರಿನ ಕೀ ಅಲ್ಲಾಡಿಸುತ್ತಾನೆ, ನಾದಿನಿಯ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧ ಹೇಳಲು ಒಂದು ರಾತ್ರಿ ಬೇಕೇ ಬೇಕು.

ಊಟದ ವಿಷಯದಲ್ಲಂತೂ ವಾದ ಇನ್ನೂ ಗಟ್ಟಿ. ಪಾಟ್‌ಲಕ್‌ಗೆ ಹೋಗುವುದು ಟ್ರೇಯಲ್ಲಿ ಕೂರುವ ಅಡುಗೆ ಮಾತ್ರ: ಬಿಸಿಬೇಳೆಬಾತು, ಪಲಾವು, ಮತ್ತೆ ಪಲಾವು. ಅಕ್ಕಿರೊಟ್ಟಿ ಟ್ರೇ ಏರಿದರೆ ಚಕ್ಕಳವಾಗುತ್ತದೆ; ಮನೆಯಲ್ಲಿ ತಟ್ಟಿದರೆ ತಟ್ಟಿದವಳಿಗೆ ಸಿಗುವುದು ತಣ್ಣಗಿನ ಕೊನೆಯದು. ಸರದಿಯ ಮೇಲೆ ಒಬ್ಬೊಬ್ಬರು ಬಾಣಲೆ ಮುಂದೆ ನಿಂತು, ಉಳಿದವರು ಕೌಂಟರಿನ ಮೇಲೇ ಕುಳಿತು ಬೆಣ್ಣೆ ಹಚ್ಚಿಕೊಂಡು ತಿನ್ನುವ ಭಾಗ್ಯ ಸ್ಲೀಪ್‌ಓವರ್‌ನದು. ಇನ್ನು ಹಿತುಕಿದ ಅವರೆಬೇಳೆ. ಇಂಡಿಯನ್ ಸ್ಟೋರಿನ ಫ್ರೀಜರ್‌ನಲ್ಲಿ ಗುಜರಾತಿ ವೇಷದಲ್ಲಿ ‘ಸುರ್ತಿ ಪಾಪ್ಡಿ ಲಿಲ್ವಾ’ ಎಂದು ಮಲಗಿರುವ ಕಾಳು ನಮ್ಮ ಅವರೆಯೇ. ಅದನ್ನು ನೆನೆಹಾಕಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿದರೆ ಬೇಳೆ ಚಂಗನೆ ಹಾರಿ ಎದುರಿನವಳ ಕನ್ನಡಕಕ್ಕೆ ಬಡಿಯುತ್ತದೆ. ಒಬ್ಬಳೇ ಕೂತರೆ ಒಂದು ಸಾರಿಗೆ ಒಂದು ಸಂಜೆ ಹೋಗುತ್ತದೆ. ಆಫೀಸಿನಿಂದ ಬಂದ ಮಂಗಳವಾರ ಯಾರೂ ಈ ಸಾಹಸಕ್ಕೆ ಇಳಿಯುವುದಿಲ್ಲ. ನಾಲ್ಕು ಜೊತೆ ಕೈ ಸೇರಿದರೆ ಬಟ್ಟಲು ತುಂಬಿದ್ದೇ ತಿಳಿಯುವುದಿಲ್ಲ. ನಡುರಾತ್ರಿ ಒಣಮೆಣಸಿನಕಾಯಿಯ ಒಗ್ಗರಣೆಗೆ ಸ್ಮೋಕ್ ಅಲಾರಂ ಕಿರುಚಿದಾಗ ಕುರ್ಚಿ ಹತ್ತಿ ಟವೆಲ್ ಬೀಸುವವರೂ ಬೇಕಲ್ಲ.

ಗಂಭೀರ ಸಾಕ್ಷಿ ಬೇಕೆನ್ನುವವರಿಗೆ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಇದ್ದಾರೆ. ಅಮೆರಿಕದ ಸರ್ಜನ್ ಜನರಲ್ ಆಗಿ 2023ರಲ್ಲಿ ಅವರು ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಜನರ ಒಡನಾಟವಿಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟು ಆಯುಸ್ಸಿಗೆ ಕೇಡು. ಸಿಗರೇಟು ಬಿಡಿ ಎಂದು ಗಂಡನಿಗೆ ಹೇಳಿದಾಗ ಯಾರೂ ‘ಯಾಕಂತೆ’ ಎನ್ನುವುದಿಲ್ಲ. ಅಲ್ಲಿ ನಡೆಯುವುದು ಬರೀ ಚಾಡಿ ಮಾತು ತಾನೇ ಎನ್ನುವವರೂ ಉಂಟು. ಚಾಡಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಯಾರು ಬರುತ್ತಾರೆ? ಆದರೆ ನಲವತ್ತಾದ ಮೇಲೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡಿಸಬೇಕೆಂದು 2024ರಲ್ಲಿ ಬಂದ ಸಲಹೆ, ಮುಟ್ಟು ನಿಲ್ಲುವ ಕಾಲದ ಸಿಡುಕು, ಊರಿನಲ್ಲಿ ಒಂಟಿಯಾದ ಅಪ್ಪನಿಗೆ ಯಾರು ಎನ್ನುವ ಚಿಂತೆ, ಇವೂ ಅದೇ ರಜಾಯಿಯ ಕೆಳಗೆ ಬಾಯಿಗೆ ಬರುತ್ತವೆ. ಗಂಡಸರ ಮುಂದೆ, ಮಕ್ಕಳ ಮುಂದೆ ಇವುಗಳಿಗೆ ಜಾಗವೆಲ್ಲಿ?

ಮಕ್ಕಳೆಂದರೆ ನೆನಪಾಯಿತು. ಮಗಳನ್ನು ಸಹಪಾಠಿಯ ಮನೆಗೆ ಮಲಗಲು ಕಳಿಸದ ತಾಯಿ ತಾನು ಮಾತ್ರ ಹೋಗುವುದು ನ್ಯಾಯವೇ? ಹತ್ತು ವರ್ಷದ ಮಗುವಿಗೆ ಗೊತ್ತಿಲ್ಲದ ಮನೆ ಬೇರೆ, ಇಪ್ಪತ್ತು ವರ್ಷದಿಂದ ಬಲ್ಲ ಗೆಳತಿಯ ಮನೆ ಬೇರೆ ಎನ್ನಬಹುದು. ಮಗಳು ಈ ಉತ್ತರವನ್ನು ಒಪ್ಪುವುದಿಲ್ಲ, ಅದಕ್ಕೆ ನನ್ನ ಬಳಿ ಮದ್ದಿಲ್ಲ. ಗಂಡಂದಿರ ಆಕ್ಷೇಪಕ್ಕೆ ಮದ್ದಿದೆ. 2024ರ ಜೂನ್ 9ರಂದು ಭಾರತ 119ಕ್ಕೆ ಆಲೌಟ್ ಆದ ಪಂದ್ಯ ನೋಡಲು ನ್ಯೂಯಾರ್ಕಿಗೆ ವಿಮಾನ ಹತ್ತಿದವರನ್ನು ಯಾರಾದರೂ ‘ಯಾಕಂತೆ’ ಎಂದು ಕೇಳಿದರೇ? ಕ್ರಿಕೆಟ್ಟಿಗಿಂತ ದೊಡ್ಡ ನೆಪ ಭೂಮಿಯ ಮೇಲೆ ಇನ್ನೊಂದಿಲ್ಲ. ತನ್ನ ಮಕ್ಕಳನ್ನು ತಾನೇ ಒಂದು ರಾತ್ರಿ ನೋಡಿಕೊಂಡದ್ದನ್ನು ಪರೋಪಕಾರವೆಂದು ಎಣಿಸುವವರಿಗೆ ಇಷ್ಟು ಸಾಕು.

ನನಗೆ ನಿಜಕ್ಕೂ ಚುಚ್ಚುವ ಆಕ್ಷೇಪ ಬೇರೆಯೇ ಇದೆ: ಈ ಜಮಖಾನದಲ್ಲಿ ಎಲ್ಲರಿಗೂ ಜಾಗವಿಲ್ಲ. ಸ್ವಂತ ಮನೆ, ಸ್ವಂತ ಕಾರು, ಸ್ವಂತ ಸಂಬಳ ಇರುವವರು ಮಾತ್ರ ಸೇರುತ್ತಾರೆ. ಎಚ್-4 ವೀಸಾದ ಮೇಲೆ ಬಂದು, ಕೆಲಸಕ್ಕೆ ಅನುಮತಿಯಿಲ್ಲದೆ, ಲೈಸೆನ್ಸ್ ಇಲ್ಲದೆ ಅಪಾರ್ಟ್‌ಮೆಂಟಿನಲ್ಲಿ ಹಗಲೆಲ್ಲ ಒಬ್ಬಳೇ ಇರುವ ಹೊಸಬಳಿಗೆ ಈ ರಾತ್ರಿ ಎಲ್ಲರಿಗಿಂತ ಹೆಚ್ಚು ಬೇಕು, ಮತ್ತು ಗುಂಪಿನ ಪಟ್ಟಿಯಲ್ಲಿ ಅವಳ ಹೆಸರೇ ಇರುವುದಿಲ್ಲ. ಆರು ತಿಂಗಳಿಗೆಂದು ಅತ್ತೆ ಮಾವ ಬಂದಿಳಿದ ಮನೆಯವಳದೂ ಇದೇ ಪಾಡು. ಆದ್ದರಿಂದ ಮುಂದಿನ ಸಲ ನಿಮ್ಮಲ್ಲೊಬ್ಬರು ಕಾರು ತೆಗೆದುಕೊಂಡು ಹೋಗಿ ಆ ಹುಡುಗಿಯನ್ನು ಕರೆತನ್ನಿ, ಅತ್ತೆಯವರು ಒಪ್ಪಿದರೆ ಅವರನ್ನೂ. ಬರುವ ದಾರಿಯಲ್ಲಿ ಲಿಲ್ವಾ ಎರಡು ಪ್ಯಾಕೆಟ್ ಜಾಸ್ತಿ ತೆಗೆದುಕೊಳ್ಳಿ.